ಖಾಲಿ ಹಗ್ಗ ಕಂಡರೆ

ಮಲೇಷ್ಯಾದ ಪುಚೊಂಗಿನಲ್ಲಿರುವ ಮಗಳ ಮನೆಗೆ ಬಂದಮೇಲೆ ನನ್ನ ಪಾಲಿಗೆ ಉಳಿದದ್ದು ಒಂದೇ ಕೆಲಸ, ಬಟ್ಟೆ ಒಗೆದು ಒಣಗಿಸುವುದು. ಅಡುಗೆಗೆ ನನ್ನನ್ನು ಯಾರೂ ಕರೆಯುವುದಿಲ್ಲ. ನನ್ನ ಸಾರು ಉಂಡವರಿಗೆ ಕಾರಣ ಗೊತ್ತು. ಮೊನ್ನೆ ಆ ಒಂದು ಕೆಲಸಕ್ಕೂ ಕುತ್ತು ಬಂತು. ಬಾಲ್ಕನಿಯಿಂದ ಇಳಿಬಿಟ್ಟ ನನ್ನ ಸೀರೆ ಕೆಳಗಿನ ಮನೆಯವರಿಗೂ ಪರದೆಯಾಗಿತ್ತಂತೆ.

"ಅಮ್ಮಾ, ಮ್ಯಾನೇಜ್‌ಮೆಂಟ್‌ನವ್ರು ಮತ್ತೆ ಫೋನ್ ಮಾಡಿದ್ರು. ಹೊರಗೆ ಕಾಣೋ ಹಾಗೆ ಬಟ್ಟೆ ಹಾಕಬಾರದು. ಡ್ರೈಯರ್ ತರಿಸ್ತೀನಿ, ನೀನು ಆರಾಮ ಕೂತ್ಕೋ," ಎಂದಳು ಮಗಳು.

"ಕೂತು ಏನ್ಮಾಡ್ಲಿ, ಮೊಟ್ಟೆ ಇಡ್ಲಾ?"

"ರೂಲ್ಸ್ ಲಾ, ಅಜ್ಜಿ," ಎಂದಳು ಮೊಮ್ಮಗಳು, ಇಲ್ಲಿಯವರ ಹಾಗೆ ಮಾತಿನ ಬಾಲಕ್ಕೊಂದು 'ಲಾ' ಅಂಟಿಸಿ.

ರೂಲ್ಸು ನನಗೆ ಹೊಸದೇ? ಮದುವೆಯಾಗಿ ಇಂಗ್ಲೆಂಡಿನ ಗಿರಣಿ ಊರಿಗೆ ಹೋದವಳು ನಾನು. ಗಂಡನಿಗೆ ಎರಕದ ಕಾರ್ಖಾನೆಯಲ್ಲಿ ಕೆಲಸ. ಮಸಿ ಹಿಡಿದ ಇಟ್ಟಿಗೆ ಮನೆಗಳ ಸಾಲು, ಹಿಂದೆ ಓಣಿ, ಓಣಿಗೆ ಅಡ್ಡಲಾಗಿ ಬಟ್ಟೆ ಹಗ್ಗಗಳು. ಸೋಮವಾರ ಬಂತೆಂದರೆ ಇಡೀ ಓಣಿಯೇ ಒಗೆಯುತ್ತಿತ್ತು, ಹಗ್ಗಕ್ಕೆ ಜಗಳ. ಗುರುವಾರ ಒಂದು ಕರವಸ್ತ್ರವೂ ಇರುತ್ತಿರಲಿಲ್ಲ. ಈ ಬಿಳಿಯರಿಗೆ ಬುದ್ಧಿ ಕಮ್ಮಿ ಎಂದುಕೊಂಡು, ನನ್ನ ಹಳದಿ ಸೀರೆಯನ್ನು ಗುರುವಾರ ಉದ್ದಕ್ಕೆ ಹರಡಿ ಒಳಗೆ ಬಂದೆ. ಗುರುವಾರ ಕಲ್ಲಿದ್ದಲಿನ ಲಾರಿ ಬರುವ ದಿನ. ಅದು ಊರಿಗೆಲ್ಲ ಗೊತ್ತಿತ್ತು, ಬುದ್ಧಿವಂತೆಗೆ ಮಾತ್ರ ಗೊತ್ತಿರಲಿಲ್ಲ.

ಲಾರಿ ಸೀರೆ ಉಟ್ಟುಕೊಂಡು ಹೊರಟಿತು. ಗಂಡನ ಬೂಟು ಮೆಟ್ಟಿ, ಕನ್ನಡದಲ್ಲಿ ಬೈಯುತ್ತಾ ಹಿಂದೆ ಓಡಿದೆ. ಕೂದಲು ಗುಂಗುರಾಗಲೆಂದು ತಲೆಗೆಲ್ಲ ಸುರುಳಿ ಸುತ್ತಿಕೊಂಡಿದ್ದ ಪಕ್ಕದ ಮನೆಯಾಕೆ ಎದುರಿಗೆ ಬಂದು ಲಾರಿ ನಿಲ್ಲಿಸಿದಳು. ಮೊದಲು ಡ್ರೈವರನಿಗೆ ಬೈದಳು, ಆಮೇಲೆ ನನಗೆ. "ಸೋಮವಾರ, ಲವ್, ಸೋಮವಾರ!" ಅವಳಿಗೆ ನಾನೂ ಲವ್, ಡ್ರೈವರನೂ ಲವ್, ಬೆಕ್ಕೂ ಲವ್. ಮುಂದಿನ ಸೋಮವಾರದಿಂದ ತನ್ನ ಹಗ್ಗದಲ್ಲಿ ಅರ್ಧ ನನಗೆ ಬಿಟ್ಟಳು. ಕಾಲುಚೀಲದ ಕಾರ್ಖಾನೆಗೆ, ಸಂಜೆ ಪಾಳಿಗೆ, ಸೇರಿಸಿದವಳೂ ಅವಳೇ. ಚೀಲದ ಬೆರಳ ತುದಿ ಹೊಲಿದು ಮುಚ್ಚುವ ಕೆಲಸ. ನಾನು ಮುಚ್ಚದಿದ್ದರೆ ಆ ದೇಶದ ಹೆಬ್ಬೆರಳೆಲ್ಲ ಬೀದಿಗೆ ಎಂದು ಜಂಬಪಡುತ್ತಿದ್ದೆ. ಮನೆಯಲ್ಲಿ ಗಂಡನ ಕಾಲುಚೀಲ ಮಾತ್ರ ತೂತಾಗಿಯೇ ಇರುತ್ತಿತ್ತು.

ಮೊಮ್ಮಗಳಿಗೆ ಇದನ್ನೆಲ್ಲ ಹೇಳಿದೆ, ಕರುಣೆ ಹುಟ್ಟಿ ನನ್ನ ಪರ ಮಾತಾಡಿಯಾಳೆಂದು. ಅವಳು, "ಲಾರೀದು ವಿಡಿಯೋ ಇದ್ಯಾ?" ಎಂದು ಕೇಳಿದಳು.

ಡ್ರೈಯರ್ ಬಂತು. ಯಂತ್ರದ ಮುಂದೆಯೇ ವಯಸ್ಸು ಕಳೆದವಳು, ಇದೇನು ಮಹಾ ಎಂದು ಅದರ ಯಜಮಾನಿಕೆ ನಾನೇ ವಹಿಸಿಕೊಂಡೆ. ಬುಧವಾರ ಅಳಿಯ ಒದ್ದೆ ಅಂಗಿ ಹಿಡಿದು ಬಂದ. ಸೈಬರ್‌ಜಯಾದಲ್ಲಿ ಅವನ ಆಫೀಸು.

"ಅತ್ತೆ, ನಾಳೆ ಮೀಟಿಂಗಿಗೆ ಇದೇ ಬೇಕು."

"ಸೋಮವಾರ ಬಾ. ರೂಲ್ಸು."

ನಗುತ್ತಾ ಅಂಗಿ ಅಲ್ಲೇ ಇಟ್ಟು, ರೊಟ್ಟಿ ತಪಾವ್ ಮಾಡಿಸಿ, ಅಂದರೆ ಪೊಟ್ಟಣ ಕಟ್ಟಿಸಿ, ತರಲು ತಮಿಳು ಮುಸ್ಲಿಮರ ಮಾಮಕ್ ತಿಂಡಿ ಅಂಗಡಿಗೆ ಹೋದ. ಪಾಪ ಎನಿಸಿತು. ಅಂಗಿಯನ್ನು ಯಂತ್ರಕ್ಕೆ ಹಾಕಿ, ಇರುವುದರಲ್ಲಿ ದೊಡ್ಡ ಬಿಸಿ ಯಾವುದೋ ಅದನ್ನೇ ಒತ್ತಿದೆ. ಪೊಟ್ಟಣ ಹಿಡಿದು ಅಳಿಯ ವಾಪಸು ಬರುವಷ್ಟರಲ್ಲಿ ಅಂಗಿ ಮೊಮ್ಮಗಳ ಅಳತೆಗೆ ಬಂದಿತ್ತು.

ಶನಿವಾರ ಅವನೇ ಅಡುಗೆಮನೆಯ ಹಿಂದೆ, ಹೊರಗೆ ಯಾರಿಗೂ ಕಾಣದ ಕಡೆ, ಹಗ್ಗ ಕಟ್ಟಿಕೊಟ್ಟ. ನನ್ನ ಮೇಲಿನ ಪ್ರೀತಿಯಿಂದಲ್ಲ, ಉಳಿದ ಅಂಗಿಗಳ ಮೇಲಿನ ಪ್ರೀತಿಯಿಂದ. ಜಾಗ ಗಿಡ್ಡ, ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಕಬೇಕು. ಇರಲಿ. ಇಷ್ಟು ಎತ್ತರಕ್ಕೆ ಲಾರಿಯಂತೂ ಬರುವುದಿಲ್ಲ.