ಎಂಬತ್ತನಾಲ್ಕು ನಾಮದ ಕೋಳಿಗಳು

ಈ ವರ್ಷ ಜನವರಿಯ ಮೂರನೇ ಭಾನುವಾರ ಬೆಳಿಗ್ಗೆ ನನ್ನ ಅಕ್ಕ ಕಣಕಟ್ಟೆ ಕಡೆಯ ಒಂದು ಕೆರೆಯಲ್ಲಿ ನಾಮದ ಕೋಳಿಗಳನ್ನು ಎಣಿಸಿದಳು. ಹಿಂದಿನ ವರ್ಷ ಅದೇ ತಿಂಗಳು ಅದೇ ಏರಿಯ ಮೇಲೆ ನಿಂತು ಅವಳು ಎಣಿಸಿದ್ದು ತೆಂಗಿನಕಾಯಿಗಳನ್ನು.

ನಾಮದ ಕೋಳಿ ಎಂದರೆ ಮೈಯೆಲ್ಲ ಕಪ್ಪಾಗಿ, ಹಣೆಗೆ ಮಾತ್ರ ಬಿಳಿ ನಾಮ ಹಾಕಿದಂತಿರುವ ನೀರುಹಕ್ಕಿ. ಚಳಿಗಾಲದಲ್ಲಿ ಗುಂಪು ಗುಂಪಾಗಿ ಬಂದು ಕೆರೆಯ ಮೇಲೆ ತೇಲುತ್ತಿರುತ್ತವೆ. ದೂರಕ್ಕೆ ಕಪ್ಪು ಉಂಡೆಗಳ ಹಾಗೆ ಕಾಣುತ್ತವೆ. ವರ್ಷಕ್ಕೊಮ್ಮೆ ನಡೆಯುವ ಹಕ್ಕಿ ಗಣತಿಗೆ ಹೊಸಬರು ಬಂದರೆ ಮೊದಲು ಇವನ್ನೇ ಎಣಿಸಲು ಹೇಳುತ್ತಾರೆ. ಬೇಗ ಹಾರುವುದಿಲ್ಲ, ಬೇರೆ ಹಕ್ಕಿಯೆಂದು ತಪ್ಪು ತಿಳಿಯುವುದೂ ಕಷ್ಟ.

ಅಕ್ಕ ಹೊಸಬಳಲ್ಲ. ಅರಸೀಕೆರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮ ಮನೆಯ ಗೋಡೆಗೆ ಬುದ್ಧನ ಪಟ ಬಂದದ್ದು ಅಪ್ಪನ ಕಾಲದಲ್ಲಿ, ತಿಂಗಳ ಸಂಬಳ ಬಂದದ್ದು ಅಕ್ಕನ ಕಾಲದಲ್ಲಿ. ಕೆಲಸಕ್ಕೆ ಸೇರಿದ ದಿನದಿಂದ ಬಿಡುವ ದಿನದವರೆಗೆ ಅವಳು ಮೈಕ್ರೋಸ್ಕೋಪಿನ ಕೆಳಗೆ ರಕ್ತದ ಕಣಗಳನ್ನು ಎಣಿಸಿದ್ದಾಳೆ. ಹಕ್ಕಿಗಳ ದೊಡ್ಡ ಗುಂಪು ಕಂಡರೆ ಮಿಕ್ಕವರು ಮೊದಲು ಹತ್ತನ್ನು ಎಣಿಸಿ, ಆ ಹತ್ತು ಹಿಡಿದ ಜಾಗ ನೋಡಿಕೊಂಡು, ಉಳಿದದ್ದನ್ನು ಅಂದಾಜು ಹಾಕುತ್ತಾರೆ. ಅಕ್ಕ ಅಂದಾಜು ಹಾಕುವುದಿಲ್ಲ. ಬಲಗೈಯಲ್ಲಿ ಒಂದು ಸಣ್ಣ ಕೌಂಟರ್ ಹಿಡಿದಿರುತ್ತಾಳೆ. ಹಕ್ಕಿಗೊಂದು ಸಲ ಅದರ ಗುಂಡಿ ಒತ್ತುತ್ತಾಳೆ. ಟಕ್, ಟಕ್ ಎಂಬ ಆ ಸದ್ದು ಕೇಳಿಸುತ್ತಿದ್ದರೆ ಅವಳನ್ನು ಯಾರೂ ಮಾತನಾಡಿಸುವುದಿಲ್ಲ.

ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿತ್ತು. ಕೆರೆ ತುಂಬಿ ಹಿಂಬದಿಯ ತೆಂಗಿನ ತೋಟದೊಳಕ್ಕೆ ನೀರು ನುಗ್ಗಿತ್ತು. ಗಣತಿಯ ದಿನ ಮಂಜು ಕವಿದಿತ್ತು. ನಮ್ಮಿಬ್ಬರಿಗೆ ಇದ್ದದ್ದು ಒಂದೇ ಬೈನಾಕ್ಯುಲರ್. ಅವಳು ನೋಡಿ ಹೇಳುತ್ತಿದ್ದಳು, ನಾನು ಬರೆದುಕೊಳ್ಳುತ್ತಿದ್ದೆ. ತೋಟದ ಮೂಲೆಯಲ್ಲಿ ನಾಮದ ಕೋಳಿ ಎಂಬತ್ತನಾಲ್ಕು ಎಂದಳು. ಗುಂಪು ಗಾಳಿಗೆ ಒಟ್ಟಿಗೆ ತಿರುಗುತ್ತಿದೆ ಎಂದೂ, ಹಣೆಯ ಬಿಳಿ ಮಿಂಚುತ್ತಿದೆ ಎಂದೂ ಹೇಳಿದಳು.

ಅಷ್ಟರಲ್ಲಿ ತೋಟದ ಯಜಮಾನರು ಲುಂಗಿ ಮೇಲೆ ಕಟ್ಟಿ, ಲಾರಿಯ ಟ್ಯೂಬೊಂದನ್ನು ತಳ್ಳಿಕೊಂಡು ನೀರಿಗೆ ಇಳಿದರು. ನೇರವಾಗಿ ಆ ಗುಂಪಿನ ನಡುವೆ ನಡೆದರು. ಮೂರು ಹಕ್ಕಿಗಳು ನೀರಿನ ಮೇಲೆ ಓಡುತ್ತ ಎದ್ದು ಹಾರಿದವು. ಅದನ್ನು ಎಲ್ಲರೂ ನೋಡಿದೆವು. ಮಿಕ್ಕವು ಕದಲಲಿಲ್ಲ. ಯಜಮಾನರು ಅದರಲ್ಲೊಂದನ್ನು ಕೈಯಲ್ಲಿ ಎತ್ತಿ ಹಿಡಿದು ಏರಿಯ ಕಡೆ ತಿರುಗಿದರು.

“ಅಕ್ಕಾರೇ, ಇದು ಮೊಟ್ಟೆ ಇಕ್ತದಾ?”

ಕಿತ್ತು ರಾಶಿ ಹಾಕಿದ್ದ ಕಾಯಿಯನ್ನು ರಾತ್ರಿ ಏರಿದ ನೀರು ತೇಲಿಸಿಕೊಂಡು ಹೋಗಿತ್ತು. ಏರಿಯ ಮೇಲಿದ್ದವರೆಲ್ಲ ನಕ್ಕರು, ಅಕ್ಕನೂ ನಕ್ಕಳು. ಗಣತಿಯ ಹೊಣೆ ಹೊತ್ತಿದ್ದವರು ಹಾಸನದ ಕಡೆಯ ಒಬ್ಬ ಕಾಲೇಜು ಅಧ್ಯಾಪಕಿ, ಇನ್ನೂ ಚಿಕ್ಕ ವಯಸ್ಸಿನವರು. ಅವರು ಎಂಬತ್ತನಾಲ್ಕನ್ನು ಹೊಡೆದುಹಾಕಿ ಮೂರು ಎಂದು ತಿದ್ದಿದರು.

ಯಜಮಾನರ ಮಾತು ಅಲ್ಲಿಗೆ ನಿಲ್ಲಲಿಲ್ಲ. ಕಣಕಟ್ಟೆಯ ಬಸ್ಸಿನಲ್ಲಿ ಹೋಗಿ, ಬಾಣಾವರದ ಅಂಗಡಿಗಳಲ್ಲಿ ಇಳಿದು, ಅರಸೀಕೆರೆಗೆ ನಮಗಿಂತ ಮೊದಲೇ ತಲುಪಿದಂತಿತ್ತು. ಬಾಣಾವರದ ಒಂದು ಮದುವೆ ಮನೆಯಲ್ಲಿ, ಊಟದ ಪಂಕ್ತಿಯಲ್ಲಿ ಎದುರಿಗೆ ಕೂತ ಹೆಂಗಸೊಬ್ಬರು ಕೋಳಿ ಲೆಕ್ಕದ ಅಕ್ಕ ನೀವೇನಾ ಎಂದು ಕೇಳಿದರು. ಅಕ್ಕ ಹೌದೆಂದು ತಲೆಯಾಡಿಸಿ ಪಾಯಸ ಹಾಕಿಸಿಕೊಂಡಳು. ಮನೆಗೆ ಬಂದ ಮೇಲೆ ಕೌಂಟರನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನಲ್ಲಿ ಇಟ್ಟಳು. ಇನ್ನು ಮೇಲೆ ಗಣತಿಗೆ ಬರುವುದಿಲ್ಲ ಎಂದಳು. ಹಕ್ಕಿ ತಪ್ಪಾಗಿದ್ದು ಒಂದು ಮಾತು, ಆದರೆ ಎಣಿಕೆಯನ್ನೇ ಇನ್ನು ನಂಬುವ ಹಾಗಿಲ್ಲ, ಲ್ಯಾಬಿನಲ್ಲೂ ಕೊನೆಕೊನೆಗೆ ಹೀಗೇ ಎಣಿಸಿದ್ದೆನೋ ಏನೋ ಎಂದಳು. ಅವಳನ್ನು ಕೊರೆಯುತ್ತಿದ್ದುದು ಅದು.

ಕಣ್ಣಿನ ಡಾಕ್ಟರು ನೋಡಿ ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. ಯಾವಾಗ ಗೊತ್ತಾಯಿತು ಎಂಬ ಪ್ರಶ್ನೆಗೆ ಅವಳು ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಡಾಕ್ಟರು ಪಕ್ಕದ ಕೋಣೆಯ ಸಹೋದ್ಯೋಗಿಯನ್ನೂ ಕರೆದು ಅದನ್ನು ಇನ್ನೊಮ್ಮೆ ಹೇಳಿಸಿದರು.

ಒಂದು ಕಣ್ಣಿನ ಆಪರೇಷನ್ ದಸರಾಕ್ಕೆ ಮೊದಲು, ಇನ್ನೊಂದು ದೀಪಾವಳಿ ಕಳೆದ ಮೇಲೆ ಆಯಿತು. ಎರಡನೇ ಪಟ್ಟಿ ಬಿಚ್ಚಿದ ವಾರ ನಮ್ಮ ಮನೆಯಲ್ಲಿ ಯಾರಿಗೂ ನೆಮ್ಮದಿಯಿರಲಿಲ್ಲ. ಒಲೆಯ ಹಿಂದಿನ ಗೋಡೆಯ ಜಿಡ್ಡು ಅವಳ ಕಣ್ಣಿಗೆ ಬಿತ್ತು, ಫ್ಯಾನಿನ ರೆಕ್ಕೆಯ ಧೂಳು ಬಿತ್ತು. ಇಷ್ಟು ದಿನ ಇದರಲ್ಲೇ ಉಂಡೆವಾ ಎಂದು ಎಲ್ಲರನ್ನೂ ಕೆಲಸಕ್ಕೆ ಹಚ್ಚಿದಳು. ಕೊನೆಗೆ ನನ್ನ ಸರದಿ ಬಂತು.

“ನಿನ್ನ ಮುಖದಲ್ಲಿ ಇಷ್ಟು ಗೆರೆ ಯಾವಾಗ ಬಂತು ಕಣೋ? ನಾನು ಇನ್ನೂ ಚೆನ್ನಾಗಿದ್ದೀಯ ಅಂದ್ಕೊಂಡಿದ್ದೆ.”

ಗಣತಿ ಹತ್ತಿರ ಬಂದಾಗ ನಾನು ಕರೆದೆ. ಚಹಾದ ಫ್ಲಾಸ್ಕ್ ಹಿಡಿದುಕೊಂಡು ಬರುತ್ತೇನೆ, ಎಣಿಸುವುದಿಲ್ಲ ಎಂಬ ಷರತ್ತಿನ ಮೇಲೆ ಹೊರಟಳು. ಕೌಂಟರ್ ಅವಳ ಚೀಲದಲ್ಲಿತ್ತು. ಬಟ್ಟೆ ಸುತ್ತಿಯೇ ಇತ್ತು.

ಶನಿವಾರ ಬೇಲೂರು, ಹಳೇಬೀಡು ಮುಗಿಸಿ, ಭಾನುವಾರ ಕಣಕಟ್ಟೆ ಕಡೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೇಲೂರಿನ ಕೆರೆಯ ದಡದಲ್ಲಿ ಬೆಳ್ಳಕ್ಕಿಗಳು ಸಾಲಾಗಿ ನಿಂತಿದ್ದವು. ಅವನ್ನು ನೋಡಿ ಅಕ್ಕ, ಯಾರೋ ನೀಲಿ ಹಾಕಿ ತೊಳೆದು ಒಣಹಾಕಿದ ಹಾಗಿವೆ ಎಂದಳು. ಪೊರೆ ತೆಗೆಸಿಕೊಂಡವರಿಗೆ ಮೊದಮೊದಲು ಬಿಳಿ ಹಾಗೆಯೇ ಕಾಣುತ್ತದಂತೆ. ಇಷ್ಟು ವರ್ಷ ಬೆಳ್ಳಕ್ಕಿ ಕೆನೆ ಬಣ್ಣದ್ದು ಎಂದುಕೊಂಡಿದ್ದೆ ಎಂದು ನಕ್ಕಳು.

ಹಳೇಬೀಡಿಗೆ ಹೋಗುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ದೇವಸ್ಥಾನದ ಕಡೆಯಿಂದ ಗೈಡುಗಳ ಧ್ವನಿ ಕೇಳಿಸುತ್ತಿತ್ತು. ಕೆರೆಯ ಆಚೆ ದಡದ ಹಸಿರಿನಲ್ಲಿ ಎಮ್ಮೆಗಳ ಜೊತೆ ಹೆಬ್ಬಾತುಗಳು ಮೇಯುತ್ತಿದ್ದವು. ಹಿಮಾಲಯವನ್ನು ದಾಟಿ ಬರುವ ಹಕ್ಕಿಗಳಿವು. ಬಿಳಿ ತಲೆಯ ಹಿಂಭಾಗಕ್ಕೆ ಎರಡು ಕಪ್ಪು ಪಟ್ಟೆಗಳಿರುತ್ತವೆ. ಅಧ್ಯಾಪಕಿ ತಮ್ಮ ದೂರದರ್ಶಕವನ್ನು ಅಕ್ಕನ ಎತ್ತರಕ್ಕೆ ಇಳಿಸಿ ಕೊಟ್ಟರು. ಅಕ್ಕ ಬಹಳ ಹೊತ್ತು ನೋಡಿದಳು. ದೇವಸ್ಥಾನ ನೋಡಲು ಬಂದ ಒಂದು ಕುಟುಂಬ ಹಿಂದೆ ನಿಂತು ಏನು ಕಾಣುತ್ತದೆ ಎಂದು ಕೇಳಿತು. ಅಕ್ಕ ಕಣ್ಣು ತೆಗೆಯಲಿಲ್ಲ. “ಎರಡು ಪಟ್ಟೆ,” ಎಂದಳು. “ಹೋದ ವರ್ಷ ಒಂದು ಮಸಿ ಥರ ಕಾಣ್ತಿತ್ತು. ಇವತ್ತು ಬೇರೆ ಬೇರೆಯಾಗಿ ಎರಡು ಕಾಣ್ತಿವೆ.” ಆಮೇಲೆ ಆ ಕುಟುಂಬದ ಒಬ್ಬೊಬ್ಬರಿಗೂ ತೋರಿಸಿದಳು. ಅವರ ಅಜ್ಜಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಪಟ್ಟೆ ಕಂಡವಾ ಎಂದು ಕೇಳಿ, ಕಂಡವು ಎನ್ನುವವರೆಗೂ ಬಿಡಲಿಲ್ಲ. ಆದರೂ ಎಣಿಸಲಿಲ್ಲ. ಹೆಬ್ಬಾತುಗಳನ್ನು ಎಣಿಸಿದವರು ಅಧ್ಯಾಪಕಿ.

ಭಾನುವಾರ ಬೆಳಕು ಹರಿಯುವ ಮೊದಲೇ ಅರಸೀಕೆರೆ ಬಿಟ್ಟೆವು. ಮಾಲೇಕಲ್ಲು ಬೆಟ್ಟದ ಮೇಲೆ ಇನ್ನೂ ದೀಪವಿತ್ತು. ಕಣಕಟ್ಟೆ ಕೆರೆಗೆ ಬರಬೇಕಾಗಿದ್ದ ಇನ್ನಿಬ್ಬರು ಬೇರೆ ಕೆರೆಗೆ ಹೋಗಬೇಕಾಗಿ ಬಂದಿತ್ತು. ಉಳಿದವರು ನಾವು ಮೂವರೇ. ಅಧ್ಯಾಪಕಿ ಅಕ್ಕನ ಕಡೆ ತಿರುಗಿದರು.

“ಮೇಡಂ, ಲೆಫ್ಟ್ ಸೈಡ್ ನೀವು ಮಾಡ್ತೀರಾ? ನಾನು ರೈಟ್ ಮಾಡ್ತೀನಿ. ನೀವು ಮಾಡ್ಲಿಲ್ಲ ಅಂದ್ರೆ ಈ ಕೆರೆ ಅರ್ಧ ಬಿಟ್ಟುಹೋಗತ್ತೆ.”

ಎಡಭಾಗ ಎಂದರೆ ತೋಟದ ಭಾಗ. ಅಕ್ಕ ಫ್ಲಾಸ್ಕನ್ನು ನನ್ನ ಕೈಗೆ ಕೊಟ್ಟು ಚೀಲದಿಂದ ಬಟ್ಟೆ ತೆಗೆದಳು. ಒಂದು ವರ್ಷದ ಮೇಲೆ ಆ ಟಕ್ ಟಕ್ ಸದ್ದು ಕೇಳಿಸಿತು. ಸೂಜಿಬಾಲದ ಬಾತು, ಬೆಳ್ಳಕ್ಕಿ, ನೀರುಕಾಗೆ ಎಂದು ಒಂದೊಂದೇ ಹೇಳುತ್ತ ಹೋದಳು. ದಡದ ಬಳಿ ನಿಂತಿದ್ದ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗಳ ಕಾಲಿನ ಕೆಂಪನ್ನೂ ಹೇಳಿದಳು. ತೋಟದ ಮೂಲೆಗೆ ಬಂದಾಗ ಸದ್ದು ನಿಂತಿತು.

ಅಲ್ಲಿ ಕಪ್ಪು ಉಂಡೆಗಳ ಒಂದು ದೊಡ್ಡ ಹಿಂಡು ತೇಲುತ್ತಿತ್ತು. ಸೂರ್ಯ ಅದರ ಹಿಂದೆಯೇ, ತೆಂಗಿನ ಮರಗಳ ಸಂದಿಯಿಂದ ಏಳುತ್ತಿದ್ದ. ನೀರು ಹೊಳೆದು ಕಣ್ಣು ಕುಕ್ಕುತ್ತಿತ್ತು. ನಾನೂ ಬೈನಾಕ್ಯುಲರ್ ತೆಗೆದುಕೊಂಡು ನೋಡಿದೆ. ಕತ್ತು ಇರಲಿಲ್ಲ, ನಾಮ ಇರಲಿಲ್ಲ. ಹಕ್ಕಿಯೆಂದು ಹೇಳಲು ನನ್ನಿಂದಲೂ ಆಗಲಿಲ್ಲ. ಅಕ್ಕ ಬೈನಾಕ್ಯುಲರನ್ನು ಹಿಂದಕ್ಕೆ ತೆಗೆದುಕೊಂಡು ಆ ಹಿಂಡನ್ನು ದಾಟಿ ಮುಂದಿನ ಬೆಳ್ಳಕ್ಕಿಗೆ ಹೋದಳು.

ತೋಟದ ಯಜಮಾನರು ಅಷ್ಟು ಹೊತ್ತಿಗೆ ಮಫ್ಲರ್ ಸುತ್ತಿಕೊಂಡು ಏರಿಗೆ ಬಂದು ನಮ್ಮ ಹಿಂದೆ ನಿಂತಿದ್ದರು. ಹಿಂದಿನ ವರ್ಷದ ಮೇಲೆ ಅಕ್ಕ ಅವರನ್ನು ನೋಡಿದ್ದು ಅದೇ ಮೊದಲು. ನಮಸ್ಕಾರ, ಕಣ್ಣಿನ ವಿಚಾರ, ಕೊಬ್ಬರಿಯ ರೇಟು ಎಲ್ಲ ಆಯಿತು. ಆಮೇಲೆ ಅವರು ಆ ಹಿಂಡಿನ ಕಡೆ ಗದ್ದ ತೋರಿಸಿದರು.

“ಅವನ್ನ ಯಾಕ್ ಬಿಟ್ರಿ ಅಕ್ಕಾರೇ?”

“ಅವು ನಿಮ್ಮವು ಯಜಮಾನ್ರೇ. ನಿಮ್ಮ ಲೆಕ್ಕಕ್ಕೆ ಸೇರ್ಲಿ.”

“ನಮ್ಮವಲ್ಲ. ನೀವು ಬತ್ತೀರಿ ಅಂತ ನಿನ್ನೆ ಸಾಯಂಕಾಲ ಇಬ್ಬರನ್ನ ನೀರಿಗಿಳ್ಸಿ, ಬಿದ್ದಿದ್ದ ಕಾಯೆಲ್ಲಾ ಎತ್ತಿಸಿವ್ನಿ.”

ಅಕ್ಕ ನಕ್ಕಳು. “ಈ ಸಲ ನಾನು ಬಲೆಗೆ ಬೀಳಲ್ಲ.”

ಅದು ಮತ್ತೊಂದು ಹಾಸ್ಯ ಎಂದೇ ಅವಳು ತಿಳಿದಿದ್ದಳು. ಯಜಮಾನರು ಮಫ್ಲರ್ ಸಡಿಲಿಸಿ ಮುಂದೆ ಬಂದರು. ಅವರ ಮುಖದಲ್ಲಿ ನಗು ಇರಲಿಲ್ಲ.

“ಹೋದ್ ವರ್ಸ ನೀವು ಎಷ್ಟು ಅಂದಿದ್ರಿ?”

“ಎಂಬತ್ತನಾಲ್ಕು. ಮರೆಯೋಕೆ ನೀವೆಲ್ಲಿ ಬಿಟ್ರಿ?”

“ಹಾರಿದ್ದೆಷ್ಟು?”

“ಮೂರು.”

“ನಾನು ಕಾಯಿ ದಡಕ್ಕೆ ತಂದು ಹಾಕಿ ಎಣಿಸ್ದೆ. ಎಂಬತ್ತೊಂದು. ಎಲ್ಲೋ ತಪ್ಪಿರ್ಬೇಕು ಅಂತ ಇನ್ನೊಂದ್ ಸಲ ಎಣಿಸ್ದೆ. ಎಂಬತ್ತೊಂದೇ. ನಿಮ್ಮ ಲೆಕ್ಕದಾಗೆ ಒಂದೂ ಹೆಚ್ಚು ಕಮ್ಮಿ ಇರ್ಲಿಲ್ಲ. ಅವತ್ತೇ ಹೇಳ್ಬೇಕಾಗಿತ್ತು. ಊರೆಲ್ಲಾ ನಗ್ತಿತ್ತು, ನಾನೂ ಅದ್ರಾಗೇ ಇದ್ದೆ. ಇನ್ಮೇಲೆ ಅಕ್ಕ ಬರಾಕಿಲ್ವಂತೆ ಅಂತ ಆಮೇಲೆ ಗೊತ್ತಾಯ್ತು.”

ಅಕ್ಕ ಎಂಬತ್ತೊಂದು, ಮೂರು ಎಂದು ತುಟಿಯಲ್ಲೇ ಕೂಡಿಸಿದ್ದು ಕಂಡಿತು. ಆಮೇಲೆ ಕೌಂಟರನ್ನು ಸೊನ್ನೆಗೆ ತಿರುಗಿಸಿದಳು.

ತಕ್ಷಣ ಎಣಿಸಲಿಲ್ಲ. ಸೂರ್ಯ ಮರದ ಮೇಲೆ ಬರಲಿ ಎಂದಳು. ಚಪ್ಪಾಳೆ ತಟ್ಟಿದರೆ ಎಲ್ಲ ಏಳುತ್ತವೆ, ಆಗ ತಿಳಿಯುತ್ತದೆ ಎಂದು ಯಜಮಾನರು ಸೂಚಿಸಿದರು. ಗಣತಿಯಲ್ಲಿ ಹಕ್ಕಿಗಳನ್ನು ಎಬ್ಬಿಸುವ ಹಾಗಿಲ್ಲ ಎಂದು ಅಧ್ಯಾಪಕಿ ತಡೆದರು. ನಾಲ್ವರೂ ಏರಿಯ ಕಲ್ಲುಗಳ ಮೇಲೆ ಕೂತು ಫ್ಲಾಸ್ಕಿನ ಚಹಾ ಕುಡಿದೆವು. ಯಜಮಾನರು ತಮ್ಮ ಮನೆಯಿಂದ ತಂದ ಕಾಯಿ ಹೋಳಿಗೆಯ ಡಬ್ಬಿ ಬಿಚ್ಚಿದರು. ಕಾಯಿ ಯಾವುದು ಎಂದು ಅಕ್ಕ ಕೇಳಿದಳು. ಎಂಬತ್ತೊಂದರದ್ದಲ್ಲ, ಅದು ಅವತ್ತೇ ಕೊಬ್ಬರಿಗೆ ಅಟ್ಟ ಸೇರಿತು ಎಂದರು. ಅಕ್ಕ ಎರಡು ಹೋಳಿಗೆ ತಿಂದಳು.

ಬಿಸಿಲು ಮರಗಳ ಮೇಲಿಂದ ನೀರಿಗೆ ಬಿತ್ತು. ಹಿಂಡಿನ ಅಂಚಿನಲ್ಲಿದ್ದ ಒಂದು ಉಂಡೆ ರೆಕ್ಕೆಯೊಳಗಿಂದ ತಲೆ ಹೊರತೆಗೆಯಿತು. ಹಣೆಯ ಮೇಲೆ ಬಿಳಿ ನಾಮ ಇತ್ತು. ಅದು ಎರಡು ಸಲ ಕೂಗಿತು. ಪಕ್ಕದ್ದು ಎದ್ದಿತು, ಅದರ ಪಕ್ಕದ್ದು ಎದ್ದಿತು. ನೋಡುತ್ತಿದ್ದಂತೆ ಮೂಲೆಯೆಲ್ಲ ನಾಮಗಳಿಂದ ತುಂಬಿತು. ಅಕ್ಕ ಹೋಳಿಗೆಯ ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ನಿಂತಳು. ಟಕ್, ಟಕ್, ಟಕ್. ಯಜಮಾನರು ಅವಳ ಹೆಬ್ಬೆರಳನ್ನು ನೋಡುತ್ತ ತುಟಿಯಲ್ಲೇ ಎಣಿಸುತ್ತಿದ್ದರು.

ಸದ್ದು ನಿಂತ ಮೇಲೆ ಅವಳು ಬೈನಾಕ್ಯುಲರನ್ನು ಇಳಿಸದೆಯೇ ಹೇಳಿದಳು. “ನೂರ ಹನ್ನೆರಡು ನಾಮದ ಕೋಳಿ. ಬಲಗಡೆ, ಮುಳುಗಿದ ಮರದ ಹತ್ತಿರ ಇರೋದು ಒಂದು ನಿಮ್ಮದು ಯಜಮಾನ್ರೇ.”

ಯಜಮಾನರು ಬೈನಾಕ್ಯುಲರ್ ಇಸಿದುಕೊಂಡರು. ಅದನ್ನು ತಿರುವುಮುರುವಾಗಿ ಹಿಡಿದು, ಸರಿಮಾಡಿಸಿಕೊಂಡು, ಮುಳುಗಿದ ಮರದ ಕಡೆ ನೋಡಿದರು.

“ಐತೆ,” ಎಂದರು. “ನನ್ಮಕ್ಳು ಒಂದ್ ಬಿಟ್ಟವ್ರೆ.”

ಅಧ್ಯಾಪಕಿ ಈ ಕಡೆ ಬಂದು ತಮ್ಮ ದೂರದರ್ಶಕದಲ್ಲಿ ಹಿಂಡನ್ನು ಇನ್ನೊಮ್ಮೆ ಎಣಿಸಿದರು. ನೂರ ಹನ್ನೆರಡು ಎಂದೇ ಬರೆದರು. ಯಜಮಾನರು ಉಳಿದ ಹೋಳಿಗೆಯನ್ನು ಡಬ್ಬಿ ಸಹಿತ ಅಕ್ಕನ ಕೈಗೆ ಕೊಟ್ಟರು. ಡಬ್ಬಿ ವಾಪಸ್ಸು ಕೊಡಲು ಬರಲೇಬೇಕಲ್ಲ ಎಂದರು. ಬಾಣಾವರದ ಮೇಲೆ ವಾಪಸ್ಸು ಬರುವಾಗ ದಾರಿಯುದ್ದಕ್ಕೂ ಅಕ್ಕ ಮಾತನಾಡುತ್ತಿದ್ದಳು. ಮೈಲಿಗಲ್ಲು, ಅಂಗಡಿಯ ಬೋರ್ಡು, ಎದುರು ಬಂದ ಬಸ್ಸಿನ ಹಣೆಯ ಮೇಲಿನ ಊರಿನ ಹೆಸರು, ಎಲ್ಲವನ್ನೂ ಓದಿ ಹೇಳಿದಳು.

ಡಬ್ಬಿಯನ್ನು ಅವಳು ಫೆಬ್ರವರಿಯಲ್ಲಿ ವಾಪಸ್ಸು ಕೊಟ್ಟಳು. ಅದರಲ್ಲಿ ಚಕ್ಕುಲಿ ಇತ್ತು. ಅದು ಮತ್ತೆ ತುಂಬಿ ಬಂತು. ಈಗ ತಿಂಗಳಿಗೆ ಎರಡು ಭಾನುವಾರ ಕಣಕಟ್ಟೆ ಬಸ್ಸು ಹತ್ತುತ್ತಾಳೆ. ಬಸ್ಸಿನಲ್ಲಿ ಯಾರಾದರೂ ಕೋಳಿ ಲೆಕ್ಕ ಎಷ್ಟಾಯಿತು ಎಂದು ಕೇಳಿದರೆ ಲೆಕ್ಕ ಹೇಳುತ್ತಾಳೆ.

ಮಾರ್ಚ್ ಎರಡನೇ ಭಾನುವಾರ ಆ ಕೆರೆಯಲ್ಲಿ ನಾಮದ ಕೋಳಿ ಹತ್ತೊಂಬತ್ತು, ತೆಂಗಿನಕಾಯಿ ಒಂದು.