ಮೊದಲ ಕೊಡದ ನೀರು

ಕೊರೊನಾ ಕಳೆದ ಮರುವರ್ಷ ನಾನು ಶಿವಮೊಗ್ಗದ ವಿದ್ಯಾನಗರದಲ್ಲಿ, ನೀರು ಪರೀಕ್ಷಿಸುವ ಒಂದು ಸಣ್ಣ ಲ್ಯಾಬ್‌ನಲ್ಲಿ ಸಹಾಯಕಿಯಾಗಿದ್ದೆ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ಸಿಕ್ಕ ಕೆಲಸ ಅದು. ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿ ಓದಿದ ನನಗೆ ಬಾಟಲಿ ತೊಳೆಯುವುದು, ನೀರಿನ ಸ್ಯಾಂಪಲ್ ತರುವುದು ಗೊತ್ತಿತ್ತು. ಎದುರು ನಿಂತು ಮಾತನಾಡುವುದು ಗೊತ್ತಿರಲಿಲ್ಲ.

ಆ ವರ್ಷ ಲ್ಯಾಬ್‌ಗೆ ಸೆನ್ಸರ್ ಬಂತು. ಬೆರಳುದ್ದದ ಪಟ್ಟಿ, ತುದಿಗೆ ಎಂಜೈಮ್ ಸವರಿರುತ್ತದೆ. ಅದನ್ನು ನೀರಿನಲ್ಲಿಟ್ಟು, ಆಮೇಲೆ ಒಂದು ಹನಿ ದ್ರಾವಣ ಹಾಕಿದರೆ ಸಣ್ಣಗೆ ಕರೆಂಟ್ ಹರಿಯುತ್ತದೆ. ನೀರಿನಲ್ಲಿ ಕೀಟನಾಶಕವಿದ್ದರೆ ಎಂಜೈಮ್ ಮಂಕಾಗಿ ಕರೆಂಟ್ ಇಳಿಯುತ್ತದೆ. ಒಳ್ಳೆಯ ನೀರಿಗೆ ಎಂಟು ಮೈಕ್ರೋಆಂಪ್ ಬರುತ್ತಿತ್ತು.

ಮಲವಗೊಪ್ಪ ದಾಟಿ ಭದ್ರಾವತಿ ಕಡೆ ಹೋಗುವಾಗ ಸಿಗುವ ಒಂದು ಊರಿನ ಬಾವಿಯಿಂದ ನಾನು ತಂದ ನೀರಿಗೆ ಬಂದದ್ದು ಮೂರು. ಎರಡನೆಯ ಪಟ್ಟಿಗೂ ಮೂರೇ.

"ಶಾಂತಮ್ಮ, ಮೋಟರ್ ಹಾಕಿ ಐದು ನಿಮಿಷ ಬಿಟ್ಟು ಹಿಡಿದ್ರಿ ತಾನೆ?" ಎಂದರು ಲ್ಯಾಬ್ ನಡೆಸುವ ಮೇಡಂ. ಅದು ನಿಯಮ. ನೀರು ಬಿಡುವ ರುದ್ರಣ್ಣನಿಗೆ 'ಸ್ವಲ್ಪ ತಡೆಯಿರಿ' ಎನ್ನಲು ನಾಚಿ, ನಾನು ಮೊದಲ ನೀರನ್ನೇ ಹಿಡಿದಿದ್ದೆ. ನಿಜ ಹೇಳಿದರೆ ಕೆಲಸ ಹೋದೀತೆಂದು ಹೆದರಿದೆ.

"ಬಿಟ್ಟೇ ಹಿಡಿದೆ, ಮೇಡಂ."

ಮರುದಿನ ಬೆಳಿಗ್ಗೆ ಮೇಡಂ ನನ್ನ ಜೊತೆ ತಾವೇ ಬಾವಿಗೆ ಬಂದು, ಗಡಿಯಾರ ನೋಡಿಕೊಂಡು ನೀರು ಹಿಡಿದರು. ಸೆನ್ಸರ್ ಅಲ್ಲೇ ಎಂಟು ತೋರಿಸಿತು. "ನಿನ್ನೆ ಬಾಟ್ಲಿ ಸರಿಯಾಗಿ ತೊಳ್ದಿಲ್ಲ ನೀವು" ಎಂದು ಹೇಳಿ ವರದಿಯಲ್ಲಿ 'ಕುಡಿಯಲು ಯೋಗ್ಯ' ಎಂದು ಬರೆಯತೊಡಗಿದರು.

ಆಗ ಮೋಟರ್ ಪಕ್ಕದ ಕ್ಯಾನ್ ನನ್ನ ಕಣ್ಣಿಗೆ ಬಿತ್ತು. ಬಾವಿಯೊಳಗಿನ ವಾಲ್ವ್ ಸೋರಿ ರಾತ್ರಿ ಪೈಪ್ ಖಾಲಿಯಾಗುತ್ತಿದ್ದುದರಿಂದ ದಿನಾ ಬೆಳಿಗ್ಗೆ ಪೈಪಿಗೆ ಒಂದು ಕ್ಯಾನ್ ನೀರು ಸುರಿದೇ ಮೋಟರ್ ಹಾಕಬೇಕಿತ್ತು. ಅದು ಗದ್ದೆಗೆ ಹೊಡೆಯುವ ಔಷಧಿಯ ಕ್ಯಾನ್.

"ಹಳೇದು ಒಡೀತು, ಮೊನ್ನೆ ಇದನ್ನ ತಂದೆ. ಮೂರು ಸಲ ತೊಳ್ದೀನಿ ಮಾರಾಯ್ತಿ, ವಾಸನೆನೂ ಇಲ್ಲ" ಎಂದ ರುದ್ರಣ್ಣ.

"ಮೊದಲ್ನೇ ನೀರು ಯಾರು ಹಿಡೀತಾರೆ?"

"ಅಂಗನವಾಡಿ ಗಿರಿಜಮ್ಮ. ಇವತ್ತಿಂದೂ ಈಗಷ್ಟೇ ಒಯ್ದ್ರು. ಮೊದಲ್ನೇ ಕೊಡ ಮಕ್ಕಳಿಗೆ, ಆಮೇಲೇ ಊರಿಗೆ. ನಮ್ಮಲ್ಲಿ ಮೊದಲಿಂದ ಹಂಗೇ."

"ಮೇಡಂ, ನಾನು ಸುಳ್ಳು ಹೇಳ್ದೆ. ನಿನ್ನೆದು ಮೊದಲ್ನೇ ನೀರು!" ಎಂದವಳೇ ಅಂಗನವಾಡಿಗೆ ಓಡಿದೆ. ಗಿರಿಜಮ್ಮ ಹಾಲಿನ ಪುಡಿ ಕಲಸಿ ಲೋಟಗಳಿಗೆ ಹಾಕುತ್ತಿದ್ದರು.

"ಕೊಡಬೇಡ್ರೀ!" ಎಂದು ಕಿರುಚಿದೆ. ಅಷ್ಟು ಜೋರಾಗಿ ನಾನು ಜನ್ಮದಲ್ಲಿ ಕೂಗಿರಲಿಲ್ಲ.

"ಏನಾಯ್ತೇ, ನಿಂಗೇನು ಹುಚ್ಚಾ?" ಎಂದು ಗಿರಿಜಮ್ಮ ಗದರಿದರು. ಹಿಂದೆಯೇ ಬಂದ ಮೇಡಂ ಕೊಡದ ನೀರಿಗೆ ಪಟ್ಟಿ ಇಟ್ಟರು. ಮೂರು.

ಒಂದು ಲೋಟ ಆಗಲೇ ಖಾಲಿಯಾಗಿತ್ತು. ತುಟಿಯ ಮೇಲೆ ಹಾಲಿನ ಗೆರೆಯಿದ್ದ ಒಂದು ಹೆಣ್ಣುಮಗು ನನ್ನನ್ನೇ ನೋಡುತ್ತಿತ್ತು.

ಆಸ್ಪತ್ರೆಯಲ್ಲಿ ಸಂಜೆಯವರೆಗೆ ಅದರ ಉಸಿರನ್ನೇ ನೋಡುತ್ತ ಕುಳಿತೆ. ಹಿಂದಿನ ದಿನಗಳಲ್ಲಿ ಆ ನೀರು ಕುಡಿದಿದ್ದ ಉಳಿದ ಮಕ್ಕಳನ್ನೂ ಡಾಕ್ಟರು ನೋಡಿದರು. ಯಾರಿಗೂ ಏನೂ ಆಗಿರಲಿಲ್ಲ, ಮನೆಗೆ ಕಳಿಸಿದರು. ಕ್ಯಾನ್ ಹೋಯಿತು, ವಾಲ್ವ್ ಸರಿಯಾಯಿತು, ನನ್ನ ಕೆಲಸವೂ ಉಳಿಯಿತು.

ಹಿಂದಿನ ದಿನವೇ ನಿಜ ಹೇಳಿದ್ದರೆ ಆ ಲೋಟ ತುಂಬುತ್ತಲೇ ಇರಲಿಲ್ಲ. ಆಮೇಲೆ ಪ್ರತಿ ಬಾಟಲಿಯ ಚೀಟಿಯ ಮೇಲೂ ನೀರನ್ನು ಎಷ್ಟು ನಿಮಿಷ ಬಿಟ್ಟು ಹಿಡಿದೆನೆಂದು ಇದ್ದದ್ದು ಇದ್ದಂತೆ ಬರೆದೆ. ತಪ್ಪು ಮಾಡಿದರೆ ನೀವೂ ಆ ದಿನವೇ ಹೇಳಿಬಿಡಿ, ಮಕ್ಕಳೇ. ನನಗೆ ಈಗಲೂ ನೀವು ಹಾಲು ಕುಡಿದಿಟ್ಟ ಲೋಟ ತೊಳೆಯುವಾಗ ಆ ಮಗುವಿನ ತುಟಿಯ ಮೇಲಿನ ಹಾಲಿನ ಗೆರೆ ಕಣ್ಣಿಗೆ ಕಟ್ಟುತ್ತದೆ.