ಮೊಳೆಗೆ ತೂಗುಹಾಕಿದ ವೈರು

ನಮ್ಮ ಶಿವಲೀಲಾಳ ಬ್ಯಾಟರಿ ಕಾರು ಮಸ್ಕಿಯ ಹತ್ತಿರ ನಡುರಸ್ತೆಯಲ್ಲಿ ನಿಂತ ಕತೆಯನ್ನು ಮೂರು ವರ್ಷದಿಂದ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದೀರಲ್ಲ — ಆ ಕಾರಿನ ಚಾರ್ಜಿನ ವೈರು ಕಿತ್ತವರು ಯಾರು, ಹೇಳಿ ನೋಡೋಣ? ಹೊಳೆಯಲಿಲ್ಲವೇ? ನಾನು. ಅವಳ ಅತ್ತೆ. ಈ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ನಿಮಗೆಲ್ಲ ಹೂವಿನ ಚಿತ್ರ ಕಳಿಸುವ ಮುದುಕಿ.

ಮೊಮ್ಮಗಳು ಟೈಪ್ ಮಾಡುವುದನ್ನು ಕಲಿಸಿ ತಿಂಗಳಾಯಿತು. ಒಂದೇ ಬೆರಳು ನಡೆಯುತ್ತದೆ. ಅಕ್ಷರ ತಪ್ಪಿದ್ದರೆ ಅವಳನ್ನು ಬೈಯಿರಿ. ಉಳಿದ ತಪ್ಪೆಲ್ಲ ನನ್ನದು.

ಹೊಸಬರಿಗಾಗಿ ಹೇಳುತ್ತೇನೆ. ನನ್ನ ಸೊಸೆ ಶಿವಲೀಲಾ ದಿನಾ ಸಿಂಧನೂರಿನಿಂದ ನಾಲ್ವರು ಶಿಕ್ಷಕಿಯರನ್ನು ಕೂರಿಸಿಕೊಂಡು ಹೊರಟು, ಇಬ್ಬರನ್ನು ಮಸ್ಕಿಯಲ್ಲಿ, ಇಬ್ಬರನ್ನು ಲಿಂಗಸುಗೂರಿನಲ್ಲಿ ಬಿಟ್ಟು, ಸಂಜೆ ಅವರನ್ನೇ ಕರೆದುಕೊಂಡು ಬರುತ್ತಿದ್ದಳು. ಅದಕ್ಕೆಂದೇ ಆ ಕಾರು ಕೊಂಡಿದ್ದಳು. ಕಾರು ಮನೆಗೆ ಬಂದ ದಿನ ಓಣಿಯೆಲ್ಲ ಸೇರಿತ್ತು. ಒಬ್ಬರಿಗೆ ಮಳೆಯಲ್ಲಿ ಕರೆಂಟ್ ಹೊಡೆಯುವ ಭಯ, ಇನ್ನೊಬ್ಬರಿಗೆ ನಮ್ಮ ಬಿಸಿಲಿಗೆ ಬ್ಯಾಟರಿ ಸಿಡಿಯುವ ಭಯ. ನಾನು ಕಾಯಿ ಒಡೆದು, ಎಲ್ಲರಿಗೂ ಕೇಳುವಂತೆ ಅಂದೆ: "ಕಾಲುವಿ ನೀರು ಇದ್ದಂಗ ಇದು. ಬಂದ್ರ ಬಂತು, ಇಲ್ಲಂದ್ರ ಇಲ್ಲ. ಒಂದಿನ ನಡುದಾರ್ಯಾಗ ಕುಂದ್ರತೈತಿ, ನೋಡ್ಕೋತ ಇರ್ರಿ."

ಎಲ್ಲರೂ ನಕ್ಕರು. ಆ ನಗು ನನಗೆ ರುಚಿಸಿತು — ಸುಳ್ಳು ಯಾಕೆ ಹೇಳಲಿ.

ಆದರೆ ಕಾರು ಎಲ್ಲಿಯೂ ಕೂರಲಿಲ್ಲ. ಒಂದು ಮಳೆಗಾಲ ಹೋಯಿತು, ಚಳಿಗಾಲ ಹೋಯಿತು. ಸದ್ದಿಲ್ಲ, ಹೊಗೆ ಇಲ್ಲ, ಬೆಕ್ಕಿನ ಹಾಗೆ ಓಣಿಗೆ ಬಂದು ನಿಲ್ಲುತ್ತಿತ್ತು. ಕರೆಂಟ್ ಯಾವಾಗ ಹೋಗುತ್ತದೆ, ದಾರಿಯಲ್ಲಿ ಎಲ್ಲಿ ಚಾರ್ಜ್ ಸಿಗುತ್ತದೆ — ಎಲ್ಲ ಅವಳ ಬೆರಳ ತುದಿಯಲ್ಲಿತ್ತು. ಮುಕ್ಕುಂದದಿಂದ ನನ್ನ ತಂಗಿಯ ಅಳಿಯ ಬಂದ, ಒಂದು ಸುತ್ತು ಕೂತು ನೋಡಿದ, ತಾನೂ ಇಂಥದ್ದೇ ತಗೊಳ್ಳುತ್ತೇನೆ ಅಂದ. ಮೊದಲು ಮನೆಗೆ ಬಂದವರು ನನ್ನ ಹತ್ತಿರ ಕೂತು ಮಾತಾಡುತ್ತಿದ್ದರು. ಈಗ ಶಿವಲೀಲಾ ಇದ್ದಾಳೇನು ಎಂದು ಕೇಳಿಕೊಂಡು ನನ್ನನ್ನು ದಾಟಿ ಒಳಗೆ ಹೋಗುತ್ತಿದ್ದರು. ಮಸ್ಕಿ ಸಂತೆಗೆ ಹೋಗಲೂ ನನ್ನನ್ನು ಕೇಳುತ್ತಿದ್ದ ಸೊಸೆ — ಈಗ ನನ್ನನ್ನೇ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದಳು. ಅದು ಪ್ರೀತಿಯೇ. ನನಗೆ ಹಾಗೆ ಕಾಣಲಿಲ್ಲ.

ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನ ವಾರ. ನಮ್ಮ ಮನೆಯಲ್ಲಿ ಎತ್ತುಗಳಿದ್ದಾಗ ಎಂಥ ಬಿತ್ತನೆ ಇರಲಿ, ಸೋಮವಾರ ಅವು ಮೇವಿನ ಗೋದಲಿ ಬಿಟ್ಟು ಏಳುತ್ತಿರಲಿಲ್ಲ. ಇದೂ ದುಡಿಯುವ ಜೀವ, ಇದಕ್ಕೂ ಒಂದು ವಾರ ಬಿಡು ಎಂದು ಶಿವಲೀಲಾಳಿಗೆ ಹೇಳಿದ್ದೆ. ಶಿಕ್ಷಕಿಯರ ಸಾಲಿಗೆ ಸೋಮವಾರ ಸೂಟಿ ಇರುವುದಿಲ್ಲ ಎಂದು ಅವಳು ನಕ್ಕಳು.

ಒಂದು ಭಾನುವಾರ ದೀಪ ಹಚ್ಚುವ ಹೊತ್ತು. ಅವಳು ಕಾರಿಗೆ ಚಾರ್ಜ್ ಹಾಕಿ ದರ್ಜಿಯ ಅಂಗಡಿಗೆ ಹೋದಳು. ನಾನು ಕಟ್ಟೆಯಿಂದ ಎದ್ದೆ. ಪಿನ್ನು ಕಿತ್ತೆ. ನಾಳೆ ಒಂದಿನ ನಿಲ್ಲಲಿ, ಬಸವಣ್ಣನ ವಾರ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಬಸವಣ್ಣನ ಮೇಲೆ ಹಾಕಿದರೆ ಯಾರು ಕೇಳುತ್ತಾರೆ? ಆದರೆ ಕಿತ್ತ ವೈರನ್ನು ಅಲ್ಲೇ ಬಿಸಾಡಿದ್ದರೆ ಅದು ಮುದುಕಿಯ ಹುಚ್ಚಾಟ ಆಗುತ್ತಿತ್ತು. ನಾನು ಅದನ್ನು ಸುರುಳಿ ಸುತ್ತಿ, ಅವಳು ದಿನಾ ತೂಗುಹಾಕುವ ಮೊಳೆಗೇ ತೂಗುಹಾಕಿದೆ. ಅವಳು ಸುತ್ತುವ ಹಾಗೆಯೇ ಸುತ್ತಿ, ಅವಳು ಚಾರ್ಜಿಗೆ ಹಾಕಿಯೇ ಇರಲಿಲ್ಲ ಅನ್ನುವಂತೆ. ಅಲ್ಲಿ — ಅಲ್ಲಿಯೇ ಅದು ಬೇರೆ ಏನೋ ಆಯಿತು.

ರಾತ್ರಿ ಕತ್ತಲಲ್ಲಿ ಮರಳಿದವಳು ಕಾರಿನ ಕಡೆ ನೋಡಿರಲಿಲ್ಲ. ಬೆಳಿಗ್ಗೆ ಮೊಳೆಯ ಮುಂದೆ ಅವಳು ನಿಂತದ್ದನ್ನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಕಾರಿನಲ್ಲಿ ಅರ್ಧದಷ್ಟು ಚಾರ್ಜ್ ಮಾತ್ರ ಉಳಿದಿತ್ತಂತೆ. ಅವತ್ತು ಶಿಕ್ಷಕಿಯರಿಗೆ ಪರೀಕ್ಷೆಯ ಡ್ಯೂಟಿ. ತಪ್ಪಿಸುವಂತಿರಲಿಲ್ಲ. ಕಾರು ಹೊರಡುವುದೇ ಇಲ್ಲ ಅಂದುಕೊಂಡಿದ್ದೆ. ಅವಳು ಕೀಲಿ ಹಿಡಿದು ಹೊರಟೇಬಿಟ್ಟಳು. ಲಿಂಗಸುಗೂರಿನಲ್ಲಿ ಚಾರ್ಜ್ ಹಾಕಿಕೊಳ್ಳುತ್ತೇನೆ ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದಳು. ಆಗಲಾದರೂ ಕೂಗಬಹುದಿತ್ತು. ನಾನು ರೊಟ್ಟಿ ತಿರುವಿ ಹಾಕಿದೆ.

ಲಿಂಗಸುಗೂರಿನಲ್ಲಿ ಅವತ್ತು ದಿನವಿಡೀ ಕರೆಂಟ್ ಇರಲಿಲ್ಲ. ಬರುವಾಗ ಮಸ್ಕಿ ಇನ್ನೂ ಸ್ವಲ್ಪ ದೂರ ಇರುವಾಗಲೇ ಕಾರು ನಿಂತಿತು. ಬಿಸಿಲಿನಲ್ಲಿ ಕಾದು ಕಾದು, ಲಿಂಗಸುಗೂರಿನ ಇಬ್ಬರು ಶಿಕ್ಷಕಿಯರು ಬಸ್ ಹತ್ತಿದರು. ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಮಸ್ಕಿಯ ಬಜಾರದ ನಡುವೆ ಎಳೆದುಕೊಂಡು ಹೋದರು. ಯಾರೋ ವಿಡಿಯೋ ಮಾಡಿದರು. ಅವಳು ಮನೆಗೆ ಬರುವ ಮೊದಲೇ ಆ ವಿಡಿಯೋ ನಮ್ಮ ಓಣಿಗೆ ಬಂದಿತ್ತು.

ಅವಳು ಬಂದಾಗ ಅರ್ಧ ಓಣಿ ನಮ್ಮ ಅಂಗಳದಲ್ಲಿತ್ತು. ಮುಖ ಕೂಡ ತೊಳೆಯದೆ ನನ್ನ ಹತ್ತಿರ ಬಂದಳು.

"ಅತ್ತಿ, ನಿನ್ನೆ ನಾ ಪಿನ್ನು ಹಾಕಿದ್ದು ನೀವು ನೋಡಿದ್ರಲ್ಲ?"

ಎಲ್ಲರೂ ನನ್ನ ಕಡೆ ನೋಡಿದರು.

"ನಾ ನೋಡಿಲ್ಲವ್ವ," ಅಂದೆ. "ನೀನ ಮರ್ತಿರಬೇಕು. ಈಗೀಗ ನಿನಗ ಮರವು ಭಾಳ ಆಗೈತಿ."

ಅವಳು ನನ್ನ ಮುಖ ನೋಡಿದಳು. ಆಮೇಲೆ — ನಂಬಿದಳು.

ಅದೇ ವಾರ ನಾಲ್ವರು ಶಿಕ್ಷಕಿಯರೂ ಅವಳ ಕಾರಿನಲ್ಲಿ ಹೋಗುವುದನ್ನು ಬಿಟ್ಟರು. ಮುಕ್ಕುಂದದ ಅಳಿಯ ಡೀಸೆಲ್ ಗಾಡಿ ತಂದ. ಎರಡು ತಿಂಗಳಿಗೆ ಶಿವಲೀಲಾ ಕಾರು ಮಾರಿದಳು. ಈಗ ಒಂದು ಅಂಗಡಿಯಲ್ಲಿ ಬಿಲ್ ಬರೆಯುತ್ತಾಳೆ. ಗ್ಯಾಸ್ ಬಂದ್ ಮಾಡಿದ್ದನ್ನು ಮೂರು ಸಲ ನೋಡುತ್ತಾಳೆ. ಬೀಗ ಹಾಕಿ ಬಸ್‌ಸ್ಟ್ಯಾಂಡಿನ ತನಕ ಹೋಗಿ, ಬೀಗ ಜಗ್ಗಿ ನೋಡಲು ತಿರುಗಿ ಬರುತ್ತಾಳೆ. ಒಂದು ಸಲ ಮಗಳನ್ನು ಕೇಳುತ್ತಿದ್ದಳು, ನಿನಗೆ ಊಟಕ್ಕೆ ಕೊಟ್ಟೆನೇನು ಎಂದು. ಆ ಮಾತು ಕೇಳಿಯೂ ನಾನು ಮರುದಿನ ಬೆಳಿಗ್ಗೆ ನಿಮಗೆಲ್ಲ ಹೂವಿನ ಚಿತ್ರ ಕಳಿಸಿದೆ.

ಮೊನ್ನೆ ಸಾಲಗುಂದದ ನರ್ಸಮ್ಮ ಇದೇ ಗ್ರೂಪಿನಲ್ಲಿ ಕೇಳಿದರು: ದಿನಾ ಮಸ್ಕಿಗೆ ಹೋಗಿ ಬರಬೇಕು, ಬ್ಯಾಟರಿ ಕಾರು ತಗೊಳ್ಳಲೇ? ನಿಮ್ಮಲ್ಲಿ ಏಳು ಜನ ಒಂದೇ ಉತ್ತರ ಕೊಟ್ಟಿರಿ — ಶಿವಲೀಲಾನ ಗತಿ ನೋಡಿಲ್ಲೇನು. ಒಬ್ಬರು ಆ ಹಳೆಯ ವಿಡಿಯೋ ಮತ್ತೆ ಹಾಕಿದಿರಿ. ನರ್ಸಮ್ಮ, ದಾರಿಯಲ್ಲಿ ಚಾರ್ಜ್ ಸಿಗುವುದು ಇನ್ನೂ ಕಷ್ಟ, ಕರೆಂಟ್ ಕೈಕೊಡುತ್ತದೆ, ಇವೆಲ್ಲ ನಿಜ. ತೂಗಿ ನೋಡಿ, ತಗೊಳ್ಳಿ, ಇಲ್ಲವೇ ಬಿಡಿ. ಆದರೆ ನಮ್ಮ ಶಿವಲೀಲಾಳ ಕಾರನ್ನು ಅದಕ್ಕೆ ಸಾಕ್ಷಿ ಮಾಡಬೇಡಿ. ಅವಳು ಮರೆತಿರಲಿಲ್ಲ. ಕಾರೂ ಮೋಸ ಮಾಡಲಿಲ್ಲ.

ನಿನ್ನೆ ಮಧ್ಯಾಹ್ನ ಅವಳು ಅಕ್ಕಿ ಆರಿಸುತ್ತಿದ್ದಳು. ಹೊರಗೆ ಕೇಳದಂತೆ ಬಾಗಿಲು ಮುಂದೆ ಮಾಡಿ, ಪಕ್ಕದಲ್ಲಿ ಕೂತು, ಮೆಲ್ಲಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡೆ. ಮೊರ ಕೆಳಗಿಟ್ಟಳು. ನಾನು ಅಳುತ್ತಿದ್ದೆ, ಅವಳು ಅಳಲಿಲ್ಲ. ಎದ್ದು ಹೋಗಿ ಬಾಗಿಲು ಪೂರ್ತಿ ತೆರೆದು, ಅಲ್ಲಿಂದಲೇ ಅಂದಳು:

"ಕಿವ್ಯಾಗ ಯಾಕ ಹೇಳ್ತೀರಿ, ಅತ್ತಿ? ನನಗ ಮರವಿನಾಕಿ ಅಂದಿದ್ದು ಮಂದಿ ಮುಂದ. ಇದನ್ನೂ ಮಂದಿ ಮುಂದನ ಹೇಳ್ರಿ."